ಕಸ ಬೇರ್ಪಡಿಸುವ ಕೈಗಳ ಆರೋಗ್ಯವೂ ನಮ್ಮ ಹೊಣೆ

ಬೆಳಗಿನ ಹೊತ್ತು ಓಣಿಯ ತುದಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸುತ್ತದೆ. ನಾವು ಅವಸರದಿಂದ ಮನೆಯ ಮೂಲೆಯಲ್ಲಿದ್ದ ಚೀಲವನ್ನು ತಂದು ಗಾಡಿಗೆ ಹಾಕುತ್ತೇವೆ. ಕೈಕಾಲು ತೊಳೆದುಕೊಂಡು ಒಳಗೆ ಬರುತ್ತೇವೆ. ಮನೆ ಶುಚಿಯಾಯಿತು, ಇನ್ನು ಇಷ್ಟಲಿಂಗ ಪೂಜೆಗೆ ಕೂಡಬಹುದು ಎಂಬ ಸಮಾಧಾನ ನಮ್ಮದು. ಆದರೆ ಆ ಚೀಲದ ಪಯಣ ಅಲ್ಲಿಗೆ ಮುಗಿಯುವುದಿಲ್ಲ. ಅದನ್ನು ಬಿಚ್ಚುವವರೊಬ್ಬರು ಇದ್ದಾರೆ. ಹುಳಿತ ಅನ್ನ ಮೆತ್ತಿದ ಹಾಲಿನ ಪಾಕೀಟು, ಒಡೆದ ಗಾಜಿನ ಚೂರು, ಕೂಸಿನ ಡಯಾಪರ್, ಸಕ್ಕರೆ ಕಾಯಿಲೆಯ ಹಿರಿಯರು ಚುಚ್ಚಿಕೊಂಡ ಇನ್ಸುಲಿನ್ ಸೂಜಿ ಎಲ್ಲವೂ ಒಂದರೊಳಗೊಂದು ಕಲೆತ ಆ ಚೀಲದಲ್ಲಿ ಕೈಯಿಟ್ಟು ಆರಿಸುವವಳು ಬಹುಮಟ್ಟಿಗೆ ನಮ್ಮದೇ ಊರಿನ ಒಬ್ಬ ತಾಯಿ, ಒಬ್ಬ ತಂಗಿ. ಆರೋಗ್ಯದ ಈ ಪುಟಗಳಲ್ಲಿ ನಾವು ನಮ್ಮ ನಮ್ಮ ದೇಹದ ಕ್ಷೇಮದ ಬಗೆಗೆ ಬಹಳ ಓದಿದ್ದೇವೆ. ಈ ಸಲ ಅವಳ ಕ್ಷೇಮದ ಕುರಿತು ವಿಚಾರ ಮಾಡುವುದು ಉಚಿತವೆಂದು ನಮಗೆ ತೋರಿದೆ.

ಕೇಂದ್ರವಿದ್ದರೆ ಸಾಲದು

ಸ್ವಚ್ಛ ಭಾರತ ಅಭಿಯಾನದ ಗ್ರಾಮೀಣ ವಿಭಾಗದ ಅಡಿಯಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳು ಒಣ ಕಸವನ್ನು ಸಂಗ್ರಹಿಸಿ ಬೇರ್ಪಡಿಸುವ ಘಟಕಗಳನ್ನು ಕಟ್ಟುತ್ತಿವೆ. ಇವುಗಳಿಗೆ 'ಸ್ವಚ್ಛ ಸಂಕೀರ್ಣ' ಎಂದು ಹೆಸರು. ಮನೆಮನೆಗೆ ಬರುವ ಗಾಡಿಗೆ 'ಸ್ವಚ್ಛ ವಾಹಿನಿ' ಎಂದು ಹೆಸರು. ಬಹಳ ಕಡೆ ಇವನ್ನು ನಡೆಸುವ ಹೊಣೆ ಸಂಜೀವಿನಿ ಒಕ್ಕೂಟದ ಮಹಿಳೆಯರದು. ಗಾಡಿಯನ್ನು ಮಹಿಳೆಯರೇ ಓಡಿಸುವ ಊರುಗಳೂ ಉಂಟು. ರದ್ದಿ ಕಾಗದ, ರಟ್ಟು, ಹಾಲಿನ ಪಾಕೀಟು, ಬಾಟಲಿ, ತಗಡು, ಗಾಜು ಇವನ್ನು ಬೇರೆ ಬೇರೆ ಮಾಡಿ ಮಾರಿದರೆ ಕಸವೇ ಕಾಸಾಗುತ್ತದೆ, ಒಕ್ಕೂಟಕ್ಕೆ ಆಧಾರವಾಗುತ್ತದೆ. ಉಡುಪಿ ಜಿಲ್ಲೆಯಲ್ಲಿ ಕುಂದಾಪುರ ತಾಲ್ಲೂಕಿನ ವಂಡ್ಸೆ ಗ್ರಾಮ ಪಂಚಾಯತಿಯ ಘಟಕವನ್ನು ಬೇರೆ ಊರುಗಳವರು ಬಂದು ನೋಡಿ ಕಲಿತು ಹೋಗಿದ್ದಾರೆ. ಅದೇ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸವನ್ನು ಬೇರ್ಪಡಿಸಬಲ್ಲ ದೊಡ್ಡ ಕೇಂದ್ರವಿದ್ದು, ಸುತ್ತಲಿನ ಅನೇಕ ಪಂಚಾಯತಿಗಳ ಒಣ ಕಸ ಅಲ್ಲಿಗೆ ಹೋಗುತ್ತದೆ.

ಪಾರಿಶ್ವಾಡ ಹಾಗೂ ಖಾನಾಪುರ ತಾಲ್ಲೂಕಿನ ಸುತ್ತಲಿನ ಗ್ರಾಮಗಳ ಸದ್ಭಕ್ತರನ್ನು ಕಣ್ಣಮುಂದಿರಿಸಿಕೊಂಡು ನಾವು ಹೇಳಬಯಸುವುದು ಇಷ್ಟೆ: ಇಂಥ ಕೇಂದ್ರ ಕಟ್ಟಡದಿಂದ ನಡೆಯುವುದಿಲ್ಲ, ಗಾಡಿಯಿಂದಲೂ ನಡೆಯುವುದಿಲ್ಲ, ಅದು ನಡೆಯುವುದು ನಮ್ಮ ಅಡುಗೆಮನೆಯಿಂದ. ಒಣ ಕಸ ತೊಳೆದು ಒಣಗಿಸಿ ಕೊಟ್ಟರೆ ಅದು ಸರಕು. ಎಂಜಲಿನೊಡನೆ ಕಲೆತು ಕೊಟ್ಟರೆ ಅದೇ ರೋಗದ ಗಂಟು. ಕಾಗದ ನೆನೆದು ಬೆಲೆ ಕಳೆದುಕೊಳ್ಳುತ್ತದೆ, ಪಾಕೀಟು ನಾರುತ್ತದೆ, ಇಲಿ ಮತ್ತು ನೊಣ ಸೇರುತ್ತವೆ. ಕೊನೆಗೆ ಆ ರಾಶಿಯನ್ನು ಊರ ಹೊರಗೆ ಸುರಿಯುವುದೋ ಸುಡುವುದೋ ಎರಡೇ ದಾರಿ ಉಳಿಯುತ್ತದೆ. ಕೇಂದ್ರವೊಂದು ಕೆಟ್ಟಿತು ಎಂದು ಪಂಚಾಯತಿಯವರನ್ನು ದೂರುವ ಮುನ್ನ ನಮ್ಮ ಮನೆಯಿಂದ ಹೋದ ಚೀಲದಲ್ಲಿ ಏನಿತ್ತು ಎಂದು ಕೇಳಿಕೊಳ್ಳುವುದು ನ್ಯಾಯ.

ಹಳ್ಳಿಯವರಾದ ನಮಗೆ ಈ ಕೆಲಸ ಪಟ್ಟಣದವರಿಗಿಂತ ಹಗುರವಾದದ್ದು. ಮುಸುರೆ ನೀರು ಎಮ್ಮೆಗೆ ಹೋಗುತ್ತದೆ. ಕಾಯಿಪಲ್ಲೆಯ ಸಿಪ್ಪೆ, ಬೂದಿ, ಸಗಣಿ ತಿಪ್ಪೆಗೆ ಹೋಗುತ್ತವೆ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಿ ಮರಳಿ ಅನ್ನವಾಗುತ್ತದೆ. ಹಸಿ ಕಸಕ್ಕೆ ನಮ್ಮ ಹಿರಿಯರು ಮಾಡಿಟ್ಟ ದಾರಿ ಇಂದಿಗೂ ಸರಿಯಾಗಿಯೇ ಇದೆ. ಅದರೊಳಗೆ ಪ್ಲಾಸ್ಟಿಕ್ ಬೀಳದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ. ತಿಪ್ಪೆಯಲ್ಲಿ ಬಿದ್ದ ಚೀಲವನ್ನು ಅದರಲ್ಲಿನ ಅನ್ನದ ಆಸೆಗೆ ಆಕಳು ನುಂಗುತ್ತದೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ ಮೇವು ಬಿಡಿಸುತ್ತದೆ, ಕೊನೆಗೆ ಪ್ರಾಣಕ್ಕೇ ಎರವಾಗುತ್ತದೆ.

ಹೊಗೆ ಮತ್ತು ನೀರು

ಕೇಂದ್ರಕ್ಕೆ ಹೋಗದ ಪ್ಲಾಸ್ಟಿಕ್ಕಿನ ಗತಿಯೇನು? ಹೆಚ್ಚಿನ ಮನೆಗಳಲ್ಲಿ ಅದು ಬಚ್ಚಲ ಒಲೆಗೆ ಹೋಗುತ್ತದೆ. ಹಸಿ ಕಟ್ಟಿಗೆ ಬೇಗ ಹೊತ್ತಲೆಂದು ಪ್ಲಾಸ್ಟಿಕ್ ಚೂರು, ಹಳೆಯ ಚಪ್ಪಲಿ, ಟೈರಿನ ತುಂಡು ಹಾಕುವ ರೂಢಿ ನಮ್ಮಲ್ಲಿ ಬೇರೂರಿದೆ. ಒಲೆಯ ಕಡಿಮೆ ಬಿಸಿಯಲ್ಲಿ ಇಂಥ ಕಸ ಅರೆಬರೆ ಸುಟ್ಟಾಗ, ವಿಶೇಷವಾಗಿ ಅದರಲ್ಲಿ ಪಿವಿಸಿ ಇದ್ದಾಗ, ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಇವುಗಳಲ್ಲಿ ಅತ್ಯಂತ ಘೋರವಾದುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಒಲೆಯ ಮುಂದೆ ಕುಳಿತ ಹೆಣ್ಣುಮಗಳು, ಅವಳ ತೊಡೆಯ ಮೇಲಿನ ಕೂಸು, ಉಬ್ಬಸದ ಹಿರಿಯರು ಈ ಹೊಗೆಯನ್ನು ಮೊದಲು ಉಸಿರಾಡುತ್ತಾರೆ. ಆದರೆ ಡಯಾಕ್ಸಿನ್ ಹೊಗೆಯೊಡನೆ ಆರಿಹೋಗುವುದಿಲ್ಲ. ಅದು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಕೂಡುತ್ತದೆ. ಮೇಯುವ ಆಕಳ ಕೊಬ್ಬಿನಲ್ಲಿ ಸೇರಿ ಹಾಲಿಗೆ, ಬೆಣ್ಣೆಗೆ, ತುಪ್ಪಕ್ಕೆ ಇಳಿಯುತ್ತದೆ. ಮನುಷ್ಯನಿಗೆ ತಗಲುವ ಡಯಾಕ್ಸಿನ್ನಿನಲ್ಲಿ ಶೇಕಡಾ 90ಕ್ಕೂ ಮಿಕ್ಕಿದ್ದು ಆಹಾರದ ಮೂಲಕವೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಒಳಹೊಕ್ಕರೆ ಅದರ ಅರ್ಧ ಭಾಗ ಕರಗುವುದಕ್ಕೆ 7ರಿಂದ 11 ವರ್ಷ ಬೇಕು. ಹಾಲು ತುಪ್ಪ ಉಂಡು ಶುದ್ಧ ಸಸ್ಯಾಹಾರಿಗಳಾಗಿ ಬಾಳುವ ನಾವು ನಮ್ಮ ಒಲೆಯಿಂದಲೇ ನಮ್ಮ ಹಾಲಿಗೆ ವಿಷ ಬೆರೆಸಿಕೊಳ್ಳುವುದು ಯಾವ ವಿವೇಕ?

ಸುಡದೆ ಉಳಿದದ್ದು ಬಯಲಿಗೆ ಬೀಳುತ್ತದೆ. ಮುಂಗಾರು ಹಿಡಿಯುತ್ತಲೇ ಹಳೆಯ ಟೈರು, ಬಿಸಾಡಿದ ಪ್ಲಾಸ್ಟಿಕ್ ಲೋಟ, ಒಡೆದ ಕೊಡ, ತೆಂಗಿನ ಚಿಪ್ಪುಗಳಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರೇ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಅದರ ಮೊಟ್ಟೆಗಳು ಒಣಗಿದ ಟೈರಿನೊಳಗೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮುಂದಿನ ಮಳೆಗೆ ಮರಿಯಾಗುತ್ತವೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಮೇಲೆ ಸೊಳ್ಳೆಯನ್ನು ಶಪಿಸುವುದಕ್ಕಿಂತ ಹಿತ್ತಲಿನ ಟೈರನ್ನು ಮಳೆಗಾಲಕ್ಕೆ ಮುನ್ನವೇ ಅಲ್ಲಿಂದ ಸಾಗಿಸುವುದು ಲೇಸು.

ಇನ್ನುಳಿದದ್ದನ್ನು ಮಳೆ ಹಳ್ಳಕ್ಕೆ ಎಳೆದೊಯ್ಯುತ್ತದೆ, ಹಳ್ಳ ಹೊಳೆಗೆ ಒಯ್ಯುತ್ತದೆ. ಮಲಪ್ರಭೆ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಖಾನಾಪುರವನ್ನು ದಾಟಿ ಅವಳು ಎಂ.ಕೆ. ಹುಬ್ಬಳ್ಳಿಗೆ ಬರುತ್ತಾಳೆ, ಅಲ್ಲಿ ಹೊಳೆಯ ನಡುವೆ ಶರಣೆ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಮುಂದೆ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರಾಗುತ್ತಾಳೆ. ಕೊನೆಗೆ ಕೂಡಲಸಂಗಮದಲ್ಲಿ, ಗುರು ಬಸವಣ್ಣನವರು ಐಕ್ಯರಾದ ಕ್ಷೇತ್ರದಲ್ಲಿ, ಕೃಷ್ಣೆಯನ್ನು ಕೂಡುತ್ತಾಳೆ. ನಾವು ನೀರಿನ ತಲೆಯ ಕಡೆ ಇರುವವರು. ನಮ್ಮ ಹಳ್ಳದಲ್ಲಿ ಬಿದ್ದ ಚೀಲ ಯಾರ ಬಿಂದಿಗೆಯ ಕಡೆಗೆ, ಯಾವ ಕ್ಷೇತ್ರದ ಕಡೆಗೆ ಹೊರಟಿತು ಎಂಬ ಎಚ್ಚರ ನಮಗೆ ಇರಬೇಕು.

ಸೂತಕವಿಲ್ಲದ ಧರ್ಮ, ಶುಚಿತ್ವದ ಧರ್ಮ

ಕಸದ ವಿಚಾರ ಬಂದಾಗ ನಮ್ಮ ಮನಸ್ಸಿನ ಒಂದು ಹಳೆಯ ರೋಗವೂ ಹೊರಗೆ ಬರುತ್ತದೆ. ಹೊಲಸನ್ನು ಎತ್ತುವುದು ಯಾರದೋ ಕೆಲಸ, ಅದನ್ನು ಮುಟ್ಟಿದವರು ದೂರ ನಿಲ್ಲಬೇಕಾದವರು ಎಂಬ ಭಾವನೆ ಅದು. ಶರಣರು ಈ ಭಾವನೆಯನ್ನು ಬುಡಸಮೇತ ಕಿತ್ತವರು. ಕಲ್ಯಾಣದ ಕ್ರಾಂತಿಯ ತರುವಾಯ ಉಳವಿಯ ಕಡೆಗೆ ಹೊರಟ ಶರಣರಲ್ಲಿ ಒಬ್ಬರಾದ ಡೋಹರ ಕಕ್ಕಯ್ಯನವರು ಐಕ್ಯರಾದ ಕಕ್ಕೇರಿ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಚರ್ಮ ಹದಮಾಡುವುದು ಅವರ ಕಾಯಕ. ಜಗತ್ತು ಬಿಸುಟದ್ದನ್ನು ಬಾಳಿಕೆಯ ವಸ್ತುವಾಗಿಸಿದ ಆ ಶರಣರನ್ನು ಬಸವಣ್ಣನವರು ತಮ್ಮ ತಂದೆಯ ಸಾಲಿನಲ್ಲಿಟ್ಟು ಗೌರವಿಸಿದರು. ಶರಣೆ ಸತ್ಯಕ್ಕನವರದು ಅಂಗಳದ ಕಸ ಗುಡಿಸುವ ಕಾಯಕ. ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದು ತಂದು ದಾಸೋಹ ನಡೆಸಿದರು. ಒಂದು ದಿನ ಹೆಚ್ಚಿಗೆ ತಂದಾಗ, ಬೇಕಾದಷ್ಟೇ ಸಾಕೆಂದು ಲಕ್ಕಮ್ಮನವರು ಮಿಕ್ಕುದನ್ನು ಹಿಂದಿರುಗಿಸಲು ಹೇಳಿದರು. ವ್ಯರ್ಥ ಮಾಡದಿರುವುದು, ಬೇಕಾದುದಕ್ಕಿಂತ ಹೆಚ್ಚು ತರದಿರುವುದು, ಯಾವ ಕಾಯಕವನ್ನೂ ಕೀಳೆನ್ನದಿರುವುದು ಈ ಮೂರೂ ನಮಗೆ ಹೊಸ ಪಾಠಗಳಲ್ಲ. ಕಕ್ಕೇರಿಗೆ ಹೋಗಿ ಕಾಯಿ ಅರ್ಪಿಸಿ ಬಂದ ಕೈಯಿಂದಲೇ ಸೂಜಿ ಅಡಗಿದ ಚೀಲವನ್ನು ಆ ತಂಗಿಯ ಕೈಗೆ ಕೊಟ್ಟರೆ ನಮ್ಮ ಭಕ್ತಿಗೆ ಅರ್ಥವೇನು ಉಳಿಯಿತು?

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ನಮ್ಮ ಧರ್ಮ ಒಪ್ಪುವುದಿಲ್ಲ. ಆದರೂ ಮುಟ್ಟಿನ ಪ್ಯಾಡನ್ನು ಯಾರ ಕಣ್ಣಿಗೂ ಬೀಳದಿರಲೆಂದು ಕಪ್ಪು ಚೀಲದಲ್ಲಿ ಅಡಗಿಸಿ, ಅದನ್ನು ಮತ್ತೊಂದು ಚೀಲದ ತಳಕ್ಕೆ ತುರುಕುವವರು ನಾವೇ. ನಾವು ನಾಚಿಕೆಯಿಂದ ಅಡಗಿಸಿಟ್ಟದ್ದು ಬೇರ್ಪಡಿಸುವವಳ ಕೈಗೆ ಅರಿಯದೆಯೇ ತಗಲುತ್ತದೆ. ಸೂತಕವಿಲ್ಲವೆಂದ ಮೇಲೆ ನಾಚಿಕೆಗೆ ಎಡೆಯಿಲ್ಲ. ಅದನ್ನು ಹಳೆಯ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿಯೇ ಕೊಡಬೇಕು. ಸೂತಕ ಬೇರೆ, ಸೋಂಕು ಬೇರೆ. ಮೊದಲನೆಯದು ಮನಸ್ಸಿನ ಭ್ರಮೆ. ಎರಡನೆಯದು ಜಾತಿ ಕೇಳದೆ ಎಲ್ಲರಿಗೂ ತಗಲುವ ದಿಟ. ಉಪಯೋಗಿಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿಯಂಥ ಸೋಂಕುಗಳ ಅಪಾಯವಿದೆ. ತುಕ್ಕು ಹಿಡಿದ ತಗಡು ಕೊಯ್ದರೆ ಧನುರ್ವಾಯುವಿನ ಭಯವಿದೆ. ಆದ್ದರಿಂದ ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಹಾಕಿ, ಮೇಲೆ 'ಸೂಜಿ' ಎಂದು ಬರೆದು, ಎಲ್ಲಿ ಒಪ್ಪಿಸಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿ ಹಾಗೆಯೇ ಮಾಡಬೇಕು.

ಮರುಬಳಕೆಗೂ ವಿವೇಕ ಬೇಕು

ಮರುಬಳಕೆ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಅವ್ವನ ಹಳೆಯ ಸೀರೆ, ಅಪ್ಪನ ಧೋತರ ಪದರ ಪದರವಾಗಿ ಕೂಡಿ ಕೌದಿಯಾಗಿ, ಆ ಕೌದಿಯಲ್ಲಿಯೇ ನಾವೆಲ್ಲ ಬೆಳೆದಿದ್ದೇವೆ. ಆದರೆ ಮರುಬಳಕೆಯ ಹೆಸರಿನಲ್ಲಿ ಮಾಡಬಾರದ್ದೂ ಕೆಲವು ಇವೆ. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಅದರಲ್ಲಿ ನೀರನ್ನಾಗಲಿ ಎಣ್ಣೆಯನ್ನಾಗಲಿ ಇಡಬಾರದು. ಅದನ್ನು ಮೂರು ಸಲ ನೀರಿನಿಂದ ಜಾಲಿಸಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದು, ಬೇರೊಬ್ಬರು ಬಳಸದಂತೆ ಡಬ್ಬಿಗೆ ತೂತು ಮಾಡಿ ಬೇರೆಯಾಗಿ ಇಡಬೇಕು, ಸುಡಬಾರದು. ಅಚ್ಚಾದ ಪತ್ರಿಕೆಯ ಹಾಳೆಯಲ್ಲಿ ಬಜಿ, ಚುರಮರಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿದೆ. ಶಾಯಿಯಲ್ಲಿನ ರಾಸಾಯನಿಕಗಳು ಬಿಸಿ ಎಣ್ಣೆಗೆ ಇಳಿಯುತ್ತವೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ ಅದೇ ಪ್ರಾಧಿಕಾರ ಮಿತಿ ವಿಧಿಸಿದೆ: ಕೆಟ್ಟ ಎಣ್ಣೆಯ ಗುರುತಾದ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದು ಅಡುಗೆಗೆ ಸಲ್ಲದು. ಜಾತ್ರೆಯ ದಾಸೋಹದಲ್ಲಿ ಉಳಿದ ಕರಿದ ಎಣ್ಣೆ ಇಂಧನ ತಯಾರಿಸುವವರಿಗೆ ಹೋಗಲಿ. ಮರುದಿನದ ಬಾಣಲೆಗೆ ಬೇಡ. ಮುಗಿದ ಬ್ಯಾಟರಿ, ಒಡೆದ ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿಗಳನ್ನೂ ಉಳಿದ ಕಸದೊಡನೆ ಸೇರಿಸದೆ ಬೇರೆ ಡಬ್ಬಿಯಲ್ಲಿಡಬೇಕು.

ಇಷ್ಟೆಲ್ಲ ವಿಂಗಡಣೆ ಸಾಮಾನ್ಯ ಜನರಿಂದ ಆದೀತೇ ಎಂದು ಕೇಳುವವರಿದ್ದಾರೆ. ಜಪಾನಿನ ಶಿಕೋಕು ದ್ವೀಪದಲ್ಲಿ ಕಾಮಿಕಾತ್ಸು ಎಂಬ ಊರಿದೆ. ಅಲ್ಲಿರುವುದು ಸುಮಾರು ಒಂದೂವರೆ ಸಾವಿರ ಜನ, ಅವರಲ್ಲಿ ಬಹುಪಾಲು ವಯಸ್ಸಾದವರು. 2003ರಲ್ಲಿ ಆ ಊರು ಇನ್ನು ಕಸವನ್ನು ಸುಡುವುದೂ ಹೂಳುವುದೂ ಬೇಡವೆಂಬ ಗುರಿಯನ್ನು ಸಾರಿತು. ಅಲ್ಲಿನವರು ಮನೆಯಲ್ಲಿಯೇ ಪಾಕೀಟು, ಬಾಟಲಿಗಳನ್ನು ತೊಳೆದು ಒಣಗಿಸಿ ತಾವೇ ಕೇಂದ್ರಕ್ಕೆ ತಂದು, ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿ ಇಡುತ್ತಾರೆ. ಅದೇ ಕೇಂದ್ರದಲ್ಲಿ 'ಕುರುಕುರು' ಎಂಬ ಅಂಗಡಿಯಿದೆ: ತಮಗೆ ಬೇಡವಾದ, ಇನ್ನೂ ಬಳಸಬಹುದಾದ ವಸ್ತುಗಳನ್ನು ಒಬ್ಬರು ತಂದಿಡುತ್ತಾರೆ, ಬೇಕಾದವರು ಹಣವಿಲ್ಲದೆ ಒಯ್ಯುತ್ತಾರೆ. ನಮ್ಮ ದೇಶದಲ್ಲಿಯೂ 2023ರ ಮೇ ತಿಂಗಳಿನಲ್ಲಿ ನಗರಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆ, ಪಾದರಕ್ಷೆಗಳನ್ನು ಸ್ವೀಕರಿಸುವ ಮರುಬಳಕೆ ಕೇಂದ್ರಗಳನ್ನು ತೆರೆಯುವ ಅಭಿಯಾನ ನಡೆಯಿತು. ನಗರಕ್ಕೆ ಸಾಧ್ಯವಾದುದು, ಒಬ್ಬರ ಮುಖ ಒಬ್ಬರು ಬಲ್ಲ ಹಳ್ಳಿಗೆ ಇನ್ನೂ ಸುಲಭ.

ನಮ್ಮ ಬಿನ್ನಹ

ಆದುದರಿಂದ ಶ್ರೀಮಠದ ಭಕ್ತವೃಂದದಲ್ಲಿ ನಾವು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲನೆಯದು, ಹಸಿ ಕಸ ತಿಪ್ಪೆಗೆ. ತೊಳೆದ ಒಣ ಕಸ ಒಂದು ಚೀಲಕ್ಕೆ. ಪ್ಯಾಡು, ಡಯಾಪರು ಗುರುತು ಹಾಕಿದ ಪ್ರತ್ಯೇಕ ಪೊಟ್ಟಣಕ್ಕೆ. ಮನೆಯ ಗಂಡಸರೂ ಈ ಕೆಲಸದಲ್ಲಿ ಕೈಜೋಡಿಸಬೇಕು. ಗಾಡಿ ದಿನವೂ ಬರುವುದಿಲ್ಲವೆಂಬುದು ಅನೇಕರ ದೂರು. ತೊಳೆದು ಒಣಗಿಸಿದ ಪ್ಲಾಸ್ಟಿಕ್ಕು ತಿಂಗಳಿದ್ದರೂ ನಾರುವುದಿಲ್ಲ. ನಾರುವುದು ತೊಳೆಯದೆ ಇಟ್ಟದ್ದು. ಹಣ ಕೊಡುತ್ತೇವೆ, ಆರಿಸುವುದು ಅವರ ಕೆಲಸ ಎನ್ನುವವರಿಗೂ ಒಂದು ಮಾತು: ನಾವು ಕೊಡುವ ಹಣ ಕಸವನ್ನು ಸಾಗಿಸುವುದಕ್ಕೆ. ಒಬ್ಬರ ಆರೋಗ್ಯವನ್ನು ಕೊಂಡುಕೊಳ್ಳುವಷ್ಟು ಹಣ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ಎರಡನೆಯದು, ಜಾತ್ರೆ, ಶ್ರಾವಣ ಮಾಸದ ಪ್ರವಚನ, ಮದುವೆ ಮುಂಜಿಗಳಲ್ಲಿ ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆಗಳನ್ನು ಪೂರ್ತಿಯಾಗಿ ಬಿಡೋಣ. 2022ರ ಜುಲೈ 1ರಿಂದ ದೇಶದಲ್ಲಿ ಇಂಥ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಪತ್ರಾವಳಿ ಮತ್ತು ಸ್ಟೀಲಿನ ತಟ್ಟೆ ಲೋಟಗಳು ನಮಗೆ ಸಾಕು. ಊರಿಗೊಂದು ತಟ್ಟೆ ಲೋಟಗಳ ಭಂಡಾರವಿದ್ದರೆ ಎಲ್ಲರ ಕಾರ್ಯಗಳಿಗೂ ಆದೀತು. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಮಣ್ಣಿನ ಲೋಟಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ.

ಮೂರನೆಯದು, ಸ್ವಚ್ಛ ಸಂಕೀರ್ಣದ ಬಳಿಯಲ್ಲಾಗಲಿ ಸಮುದಾಯ ಭವನದಲ್ಲಾಗಲಿ ಒಂದು ಮರುಬಳಕೆಯ ಕೋಣೆ ಬೇಕು. ಅದರ ಮೊದಲ ಕಪಾಟು ರೋಗಿಗಳಿಗೆ ಮೀಸಲಾಗಲಿ. ಕಾಲು ಮುರಿದಾಗ ಕೊಂಡ ವಾಕರ್, ತಂದೆಯ ಕೊನೆಯ ದಿನಗಳಲ್ಲಿ ತಂದ ಗಾಲಿಕುರ್ಚಿ, ಊರುಗೋಲು, ಕಮೋಡ್ ಕುರ್ಚಿ ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಅದೇ ಓಣಿಯಲ್ಲಿ ಇನ್ನೊಬ್ಬರು ಅವುಗಳಿಗಾಗಿ ಸಾಲ ಮಾಡುತ್ತಿರುತ್ತಾರೆ. ಸಾಬೂನಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ಗಾಲಿ ಮತ್ತು ತಿರುಪುಗಳನ್ನು ಪರೀಕ್ಷಿಸಿ, ವಹಿಯಲ್ಲಿ ಬರೆದು ಕೊಟ್ಟರೆ ಒಂದೇ ಗಾಲಿಕುರ್ಚಿ ಹತ್ತು ಮನೆಗೆ ಆಸರೆಯಾದೀತು. ಉಳಿದ ಕಪಾಟುಗಳಲ್ಲಿ ಶಾಲೆಯ ಪುಸ್ತಕ, ಸಮವಸ್ತ್ರ, ಪಾತ್ರೆ ಇರಲಿ. ಹರಿದದ್ದನ್ನು, ಹೊಲಸಾದದ್ದನ್ನು ಕೊಟ್ಟು ದಾನವೆನ್ನಬಾರದು. ನಾವು ಬಳಸಲು ಹಿಂಜರಿಯುವುದನ್ನು ಇನ್ನೊಬ್ಬರಿಗೆ ಕೊಡುವುದು ದಾಸೋಹವಾಗದು. ತಿಂಗಳ ಶಿವಾನುಭವ ಗೋಷ್ಠಿಯ ದಿನ ಊರಿನ ಬಡಿಗರು, ದರ್ಜಿಗಳು, ವಿದ್ಯುತ್ ಉಪಕರಣ ರಿಪೇರಿ ಬಲ್ಲವರು ಎರಡು ತಾಸು ಅಲ್ಲಿ ಕುಳಿತರೆ ಕೆಟ್ಟ ಮಿಕ್ಸರ್ ಗುಜರಿಗೆ ಹೋಗುವುದು ತಪ್ಪುತ್ತದೆ. ಅವರ ಶ್ರಮಕ್ಕೆ ತಕ್ಕ ಕೂಲಿಯನ್ನು ಕೊಡಲೇಬೇಕು.

ನಾಲ್ಕನೆಯದು, ಕಸ ಬೇರ್ಪಡಿಸುವ ಪ್ರತಿಯೊಬ್ಬರಿಗೂ ದಪ್ಪ ಕೈಗವಸು, ಬೂಟು, ಮುಖಗವಸು, ಕೈತೊಳೆಯಲು ನೀರು ಮತ್ತು ಸಾಬೂನು ದೊರೆಯಬೇಕು. ಧನುರ್ವಾಯು ಹಾಗೂ ಹೆಪಟೈಟಿಸ್ ಬಿ ಲಸಿಕೆ ಆಗಬೇಕು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯಬೇಕು. ಇದು ಪಂಚಾಯತಿಯ ಕರ್ತವ್ಯವೆಂಬುದು ದಿಟ. ಅದು ನಡೆಯಿತೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ನಮ್ಮ ಕರ್ತವ್ಯ. ಭಕ್ತರಲ್ಲಿರುವ ವೈದ್ಯರು ಮನಸ್ಸು ಮಾಡಿದರೆ ಜಾತ್ರೆಯ ಆರೋಗ್ಯ ಶಿಬಿರದಲ್ಲಿ ಮೊದಲ ಚೀಟಿ ಅವರ ಹೆಸರಿನಲ್ಲಿಯೇ ಬರೆಯಬಹುದು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ದವಸ ಬೇಡದೆ, ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಸಿಕ್ಕಿದ್ದನ್ನು ಸಿಕ್ಕಲ್ಲಿ ಎಸೆಯುವುದೂ ಒಂದು ಚಟ. ನಮ್ಮ ಹೊಲಸನ್ನು ಇನ್ನೊಬ್ಬರ ಕೈಗೆ ದಾಟಿಸಿ ಮರೆಯುವುದು ಅದಕ್ಕಿಂತ ಹಳೆಯ ಚಟ. ನಾಳೆ ಬೆಳಿಗ್ಗೆ ಓಣಿಗೆ ಗಾಡಿ ಬಂದಾಗ ಅದನ್ನೂ ಒಂದು ಜೋಳಿಗೆಯೆಂದೇ ಬಗೆಯೋಣ. ಚೀಲವನ್ನು ಎಸೆಯದೆ, ಅದರಲ್ಲಿ ಏನಿದೆಯೆಂದು ಹೇಳಿ, ಆ ತಾಯಿಯ ಕೈಗೆ ಕೊಟ್ಟು ಶರಣೆನ್ನೋಣ. ಆ ಮೇಲೆ ಕೈತೊಳೆದು ಪೂಜೆಗೆ ಕುಳಿತರೆ ಪೂಜೆಗೂ ಒಂದು ಅರ್ಥ ಬಂದೀತು.